ಅಡುಗೆಮನೆ ಒಡೆಸುವ ಮುಂಚೆ ಖಾಲಿ ಕಟ್ಟೆ ಅಳೆಯಿರಿ

ಅಡುಗೆಮನೆ ಹೊಸದಾಗಿ ಮಾಡಿಸಬೇಕು ಅಂತ ಬರುವವರು ಮೊದಲು ಫೋನ್ ತೆಗೆದು ಫೋಟೊ ತೋರಿಸುತ್ತಾರೆ. ಬಣ್ಣ ಹೀಗಿರಬೇಕು, ಹಿಡಿಕೆ ಹಾಗಿರಬೇಕು, ಮಧ್ಯದಲ್ಲಿ ಒಂದು ಐಲ್ಯಾಂಡ್, ಅಂದರೆ ಗೋಡೆಗೆ ಅಂಟದ ಬಿಡಿ ಕಟ್ಟೆ ಬೇಕು. ನಾನು ಕೇಳುವುದು ಬೇರೆ. "ಈಗ ತರಕಾರಿ ಎಲ್ಲಿ ನಿಂತು ಹೆಚ್ಚುತ್ತೀರಿ?" ತುಂಬಾ ಜನ "ಊಟದ ಟೇಬಲ್ ಮೇಲೆ" ಅನ್ನುತ್ತಾರೆ. ಕಟ್ಟೆಯ ಉದ್ದಕ್ಕೇನೂ ಕಮ್ಮಿ ಇರುವುದಿಲ್ಲ. ಮಿಕ್ಸಿ, ಮೈಕ್ರೋವೇವ್, ಕೆಟಲ್, ಪಾತ್ರೆ ಬುಟ್ಟಿ, ನೀರಿನ ಫಿಲ್ಟರ್ ಎಲ್ಲ ಕೂತು, ಮಣೆ ಇಡೋಕೆ ಒಂದು ಗೇಣು ಜಾಗ ಉಳಿದಿರುತ್ತದೆ ಅಷ್ಟೇ.

ಅಡುಗೆಮನೆಗೆ ಪ್ಲಾನ್ ಹಾಕಿಕೊಡುವುದು ನನ್ನ ಕಸುಬು. ಬಣ್ಣ, ಟೈಲ್ಸ್ ವಿಷಯದಲ್ಲಿ ನಾನು ಯಾರ ಜೊತೆಗೂ ವಾದಕ್ಕೆ ಇಳಿಯುವುದಿಲ್ಲ. ಹಠ ಹಿಡಿಯುವುದು ಒಂದೇ ವಿಷಯಕ್ಕೆ: ಸಿಂಕ್‌ಗೂ ಒಲೆಗೂ ನಡುವೆ ಮೂರು ಅಡಿ ಖಾಲಿ ಕಟ್ಟೆ ಬೇಕು. ತೊಳೆದಿದ್ದನ್ನು ಹೆಚ್ಚಿ, ಹೆಚ್ಚಿದ್ದನ್ನು ಬಾಣಲೆಗೆ ಹಾಕುವ ಜಾಗ ಅದು. ಅಡುಗೆಯ ಹೊತ್ತೆಲ್ಲ ಕಳೆಯುವುದು ಅಲ್ಲೇ. ಯಾವ ಮಷಿನ್ ಕೊಳ್ಳಬೇಕು, ಎಲ್ಲಿ ಇಡಬೇಕು ಅನ್ನುವುದೆಲ್ಲ ಆ ಮೂರು ಅಡಿ ಉಳಿಸಿಕೊಂಡು ಮಾಡುವ ಲೆಕ್ಕ.

ಮೊದಲು ಸಾಮಾನು, ಆಮೇಲೆ ಕಪಾಟು

ಒಂದು ವಾರ ಸುಮ್ನೆ ಗಮನಿಸಿ. ದಿನಾ ಕೈಗೆ ಬರುವ ಸಾಮಾನು ಯಾವುದು, ವಾರಕ್ಕೊಮ್ಮೆ ಬರುವುದು ಯಾವುದು, ವರ್ಷಕ್ಕೆರಡು ಸಲ ಅಟ್ಟದಿಂದ ಇಳಿಯುವುದು ಯಾವುದು ಅಂತ ಒಂದು ಕಾಗದದ ಮೇಲೆ ಬರೆಯಿರಿ. ಕಟ್ಟೆಯ ಮೇಲೆ ಕೂರುವ ಹಕ್ಕು ಮೊದಲ ಗುಂಪಿಗೆ ಮಾತ್ರ. ಎರಡನೆಯದು ಕೆಳಗಿನ ಡ್ರಾಯರ್‌ಗೆ ಹೋಗಬೇಕು, ಮೂರನೆಯದು ಮೇಲಕ್ಕೆ. ಈ ಪಟ್ಟಿ ಮಾಡುವಾಗಲೇ ಅರ್ಧ ಮನೆಗಳಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಬೆಳೆಯಲಿ ಬಿಡಿ. ಕಪಾಟು ಕೂತ ಮೇಲೆ ಜಗಳ ಆಡುವುದಕ್ಕಿಂತ ವಾಸಿ.

ಆಮೇಲೆ ಕೊಳ್ಳಬೇಕೆಂದಿರುವ ಫ್ರಿಜ್, ಒಲೆ, ಚಿಮಣಿ, ಓವನ್, ಡಿಶ್‌ವಾಷರ್ ಯಾವ ಮಾಡೆಲ್ ಅಂತ ನಿರ್ಧಾರ ಮಾಡಿ. ದುಡ್ಡು ಈಗಲೇ ಕೊಡಬೇಕಿಲ್ಲ. ಪ್ರತಿಯೊಂದರ ಅಳತೆ ಇರುವ ಹಾಳೆ ಮಾತ್ರ ಕೈಯಲ್ಲಿರಲಿ. ಅದರಲ್ಲಿ ಮಷಿನ್‌ನ ಅಳತೆ ಒಂದು ಕಡೆ, ಅದಕ್ಕೆ ಬಿಡಬೇಕಾದ ಗೂಡಿನ ಅಳತೆ ಇನ್ನೊಂದು ಕಡೆ ಇರುತ್ತದೆ. ಬಡಗಿಗೆ ಬೇಕಾಗಿರುವುದು ಎರಡನೆಯದು. ಕಪಾಟು ಮಾಡಿಸಿ ಆಮೇಲೆ ಮಷಿನ್ ಹುಡುಕಲು ಹೊರಟರೆ, ಇಷ್ಟವಾದದ್ದನ್ನು ಬಿಟ್ಟು ಗೂಡಿಗೆ ಹಿಡಿಸಿದ್ದನ್ನು ತರಬೇಕಾಗುತ್ತದೆ.

ಫ್ರಿಜ್‌ನದ್ದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಹಾಳೆಯಲ್ಲಿ ಅಗಲ 60 ಸೆಂ.ಮೀ. ಅಂತಿದ್ದರೆ ಅದು ಬರೀ ಡಬ್ಬದ ಅಗಲ. ಪಕ್ಕಕ್ಕೆ, ಹಿಂದಕ್ಕೆ, ಮೇಲಕ್ಕೆ ಗಾಳಿ ಆಡಲು ಎಷ್ಟು ಬಿಡಬೇಕು ಅಂತ ಅದೇ ಹಾಳೆಯಲ್ಲಿ ಬೇರೆ ಬರೆದಿರುತ್ತಾರೆ. ಇನ್ನು ಬಾಗಿಲು. ಕೀಲು ಇರುವ ಕಡೆ ಗೋಡೆಗೆ ಅಂಟಿಸಿ ಇಟ್ಟರೆ ಬಾಗಿಲು ನೇರಕ್ಕೆ ನಿಂತುಬಿಡುತ್ತದೆ. ಹಾಲಿನ ಪ್ಯಾಕೆಟ್ ತೆಗೆಯಬಹುದು, ಆದರೆ ತರಕಾರಿ ಡ್ರಾಯರ್ ಅರ್ಧ ಬಂದು ಬಾಗಿಲಿನ ಒಳಬದಿಯ ತಟ್ಟೆಗೆ ತಾಗಿ ನಿಲ್ಲುತ್ತದೆ. ತೊಳೆಯಲು ಹೊರಗೆ ತೆಗೆಯಬೇಕೆಂದರೆ ಫ್ರಿಜ್ಜನ್ನೇ ಮುಂದಕ್ಕೆ ಎಳೆಯಬೇಕು. ಡ್ರಾಯರ್ ಪೂರ್ತಿ ಹೊರಬರಲು ಬಾಗಿಲು ಎಷ್ಟು ತೆರೆಯಬೇಕು ಅನ್ನುವ ಅಳತೆ ಹಾಳೆಯಲ್ಲಿ ಹುಡುಕಿ, ಗೋಡೆಯಿಂದ ಅಷ್ಟು ದೂರ ಬಿಡಿ. ಆಳವೂ ಹಾಗೇ. ಕೆಳಗಿನ ಕಪಾಟು ಸಾಮಾನ್ಯವಾಗಿ 60 ಸೆಂ.ಮೀ. ಆಳ. ಫ್ರಿಜ್ 65ರಿಂದ 75, ಅದರ ಮೇಲೆ ಹಿಡಿಕೆ, ಹಿಂದೆ ಪ್ಲಗ್. ಪ್ಲಗ್ ಪಾಯಿಂಟನ್ನು ಫ್ರಿಜ್ ಬೆನ್ನ ಹಿಂದೆ ಹಾಕಿಸದೆ ಪಕ್ಕದ ಕಪಾಟಿನೊಳಗೆ ಹಾಕಿಸಿ. ಆಗ ಎರಡು ಇಂಚು ಉಳಿಯುತ್ತದೆ, ಸ್ವಿಚ್ಚೂ ಕೈಗೆ ಸಿಗುತ್ತದೆ.

ಡಿಶ್‌ವಾಷರ್ 60 ಸೆಂ.ಮೀ. ಅಗಲದ್ದು ಬರುತ್ತದೆ, 45ರದ್ದೂ ಬರುತ್ತದೆ. ಸಿಂಕ್‌ನ ಪಕ್ಕದಲ್ಲೇ ಇರಲಿ. ನೀರು ಒಳಗೆ ಬರುವ ಪೈಪು, ಕೊಳೆನೀರು ಹೊರಗೆ ಹೋಗುವ ಪೈಪು ಎರಡೂ ಸಿಂಕ್ ಕೆಳಗೇ ಸೇರುತ್ತವೆ. ಅದರ ಬಾಗಿಲು ಕೆಳಕ್ಕೆ ತೆರೆದುಕೊಂಡರೆ ಸುಮಾರು ಎರಡು ಅಡಿ ಮುಂದೆ ಬರುತ್ತದೆ. ಬಾಗಿಲು ತೆರೆದಾಗ ನೀವು ಎಲ್ಲಿ ನಿಲ್ಲುತ್ತೀರಿ ಅಂತ ಯೋಚಿಸಿ. ತಟ್ಟೆ ಇಡುವ ಡ್ರಾಯರ್ ಆ ಬಾಗಿಲಿನ ಹಿಂದೆ ಸಿಕ್ಕಿಹಾಕಿಕೊಂಡರೆ ತೊಳೆದ ತಟ್ಟೆ ಎತ್ತಿಡುವುದೇ ದೊಡ್ಡ ಸರ್ಕಸ್ ಆಗುತ್ತದೆ.

ಮೈಕ್ರೋವೇವ್ ಭುಜಕ್ಕಿಂತ ಮೇಲೆ ಇಡಬೇಡಿ. ಬಿಸಿ ಬಟ್ಟಲನ್ನು ತಲೆಯ ಮಟ್ಟದಿಂದ ಇಳಿಸುವುದು ಅಪಾಯ. ಓವನ್ ಸೊಂಟದ ಎತ್ತರದಲ್ಲಿದ್ದರೆ ಒಳ್ಳೆಯದು, ಪಕ್ಕದಲ್ಲಿ ಬಿಸಿ ಟ್ರೇ ಇಳಿಸಲು ಒಂದೂಕಾಲು ಅಡಿ ಕಟ್ಟೆ ಬೇಕು. ಅಷ್ಟೇ ಜಾಗ ಫ್ರಿಜ್‌ನ ಹಿಡಿಕೆ ಇರುವ ಕಡೆಯೂ ಬೇಕು. ಒಲೆಗೆ ಒಂದು ಪಕ್ಕ ಒಂದು ಅಡಿ, ಇನ್ನೊಂದು ಪಕ್ಕ ಒಂದೂಕಾಲು ಅಡಿ. ಒಲೆಯನ್ನು ಮೂಲೆಯ ಗೋಡೆಗೆ ಒತ್ತರಿಸಿದರೆ ಬಾಣಲೆಯ ಹಿಡಿ ಗೋಡೆಗೆ ಬಡಿಯುತ್ತದೆ, ಇಲ್ಲವೇ ಕಟ್ಟೆಯಿಂದ ಹೊರಗೆ ಚಾಚುತ್ತದೆ. ಎರಡೂ ಬೇಡ, ಅಲ್ವಾ?

ಗೋಡೆ ನೇರ ಇದೆ ಅಂತ ನಂಬಬೇಡಿ

ಅಗಲವನ್ನು ನೆಲದ ಹತ್ತಿರ, ಕಟ್ಟೆಯ ಎತ್ತರದಲ್ಲಿ, ತಲೆಯ ಎತ್ತರದಲ್ಲಿ ಅಂತ ಮೂರು ಕಡೆ ಅಳೆಯಿರಿ. ಮೂರರಲ್ಲಿ ಕಮ್ಮಿ ಬಂದಿದ್ದೇ ನಿಮ್ಮ ಅಳತೆ. ಮೂಲೆ ಸರಿಯಾಗಿದೆಯೇ ನೋಡಲು ಒಂದು ಗೋಡೆಯ ಮೇಲೆ ಮೂಲೆಯಿಂದ 3 ಅಡಿಗೆ ಗುರುತು ಹಾಕಿ, ಇನ್ನೊಂದರ ಮೇಲೆ 4 ಅಡಿಗೆ. ಎರಡು ಗುರುತುಗಳ ನಡುವೆ ಓರೆಯಾಗಿ ಅಳೆದರೆ 5 ಅಡಿ ಬರಬೇಕು. ಬರದಿದ್ದರೆ ಮೂಲೆ ಓರೆ ಇದೆ, ಬಡಗಿಗೆ ಮುಂಚೆಯೇ ಹೇಳಿ. ಕಿಟಕಿಯ ಕೆಳಗಂಚು, ಬಾಗಿಲು ತೆರೆಯುವ ಕಡೆ, ತೊಲೆ, ನೀರಿನ ಪೈಪು, ಗ್ಯಾಸ್ ಪೈಪು ಎಲ್ಲ ಗುರುತು ಮಾಡಿ.

ಸಿಂಕ್‌ನ ಜಾಗ ಬದಲಿಸುವ ಆಸೆ ಇದ್ದರೆ ಒಂದು ಲೆಕ್ಕ ನೆನಪಿಡಿ. ಕೊಳೆನೀರಿನ ಪೈಪಿಗೆ ಪ್ರತಿ ಒಂದು ಅಡಿ ಉದ್ದಕ್ಕೆ ಕಾಲು ಇಂಚು ಇಳಿಜಾರು ಬೇಕು. ಎಂಟು ಅಡಿ ಆಚೆ ಸರಿಸಿದರೆ ಎರಡು ಇಂಚು ಇಳಿಯಬೇಕು. ನೆಲದೊಳಗೆ ಅಷ್ಟು ಜಾಗ ಇದೆಯೇ ಅಂತ ಪ್ಲಂಬರ್‌ನನ್ನು ಕೇಳಿ. ಇಲ್ಲದಿದ್ದರೆ ಸಿಂಕ್ ಇದ್ದಲ್ಲೇ ಇರಲಿ, ಒಲೆ ಸರಿಸುವುದು ಸುಲಭ.

ಆಕಾರದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ನೇರ, ಎಲ್, ಯು, ಎದುರುಬದುರು ಕಟ್ಟೆ: ಯಾವುದು ಅಂತ ಕೋಣೆಯೇ ಹೇಳುತ್ತದೆ. ಸಿಂಕ್, ಒಲೆ, ಫ್ರಿಜ್ ಮೂರನ್ನು ಸೇರಿಸುವ ತ್ರಿಕೋನದ ಸೂತ್ರ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದಲ್ಲಿ ರೂಪುಗೊಂಡಿದ್ದು. ಪ್ರತಿ ಬದಿ 4ರಿಂದ 9 ಅಡಿ, ಮೂರೂ ಸೇರಿ 26 ಅಡಿ ದಾಟಬಾರದು. ಸೂತ್ರ ಇವತ್ತಿಗೂ ತಪ್ಪಲ್ಲ, ಆದರೆ ಅದು ಒಬ್ಬರೇ ಅಡುಗೆ ಮಾಡುವ ಮನೆಗೆ ಹೊಂದುವಂಥದ್ದು. ಇಬ್ಬರು ಸೇರಿ ಮಾಡುವ ಮನೆಯಲ್ಲಿ ಒಬ್ಬರ ತ್ರಿಕೋನದೊಳಗೆ ಇನ್ನೊಬ್ಬರು ಓಡಾಡಬಾರದು. ಫ್ರಿಜ್ಜನ್ನು ಬಾಗಿಲ ಕಡೆಗೆ ಇಡಿ. ನೀರು ಕುಡಿಯಲು ಬರುವವರು ಒಲೆಯ ಮುಂದೆ ಹಾಯುವುದು ತಪ್ಪುತ್ತದೆ.

ಜಾಗ ಚಿಕ್ಕದು ಅಂತ ಕೊರಗುವವರಿಗೆ ನಾನು ಜರ್ಮನಿಯ ಫ್ರಾಂಕ್‌ಫರ್ಟ್ ಅಡುಗೆಮನೆಯ ನಕ್ಷೆ ತೋರಿಸುತ್ತೇನೆ. 1926ರಲ್ಲಿ ಮಾರ್ಗರೆಟ್ ಶುಟ್ಟೆ ಲಿಹೊಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಮಾಡಿದ್ದು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಕೆಲಸದ ಕಟ್ಟೆ ಕಿಟಕಿಯ ಕೆಳಗೆ, ಕೂತು ಮಾಡಲು ತಿರುಗುವ ಸ್ಟೂಲ್, ಕಾಳು ಹಿಟ್ಟಿಗೆ ಗೋಡೆಯಲ್ಲೇ ಅಲ್ಯುಮಿನಿಯಂ ಡಬ್ಬಗಳ ಸಾಲು. ಅಷ್ಟು ಚಿಕ್ಕ ಜಾಗದಲ್ಲೂ ಕಟ್ಟೆ ಖಾಲಿ ಇಟ್ಟಿದ್ದಾರೆ ನೋಡಿ ಅಂತ ತೋರಿಸುವುದಕ್ಕೇ ಆ ನಕ್ಷೆ ಇಟ್ಟುಕೊಂಡಿದ್ದೇನೆ.

ಓಡಾಡುವ ದಾರಿ ಒಬ್ಬರಿಗೆ ಮೂರೂವರೆ ಅಡಿ, ಇಬ್ಬರಿದ್ದರೆ ನಾಲ್ಕು ಅಡಿ ಇರಬೇಕು. ಐಲ್ಯಾಂಡ್ ಬೇಕೆಂದರೆ ಅದರ ಸುತ್ತಲೂ ಇಷ್ಟು ಸಿಗಬೇಕು. ಸಿಗದಿದ್ದರೆ ಐಲ್ಯಾಂಡ್ ಫೋಟೊದಲ್ಲೇ ಚೆನ್ನಾಗಿರುತ್ತದೆ.

ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರಕ್ಕಿಂತ ನನಗೆ ಹಳೇ ನ್ಯೂಸ್‌ಪೇಪರ್ ಮೇಲೆ ಜಾಸ್ತಿ ನಂಬಿಕೆ. ಕಪಾಟು, ಫ್ರಿಜ್, ಐಲ್ಯಾಂಡ್ ಎಲ್ಲವನ್ನೂ ನಿಜವಾದ ಅಳತೆಗೆ ಪೇಪರಿನಲ್ಲಿ ಕತ್ತರಿಸಿ ಖಾಲಿ ಇರುವ ಹಾಲ್‌ನ ನೆಲಕ್ಕೆ ಟೇಪಿನಿಂದ ಅಂಟಿಸಿ. ಬಾಗಿಲು ತೆರೆಯುವ ಜಾಗಗಳನ್ನು ಚಾಕ್‌ನಲ್ಲಿ ಬರೆಯಿರಿ. ಇಬ್ಬರು ನಿಂತು ಒಂದು ಹೊತ್ತಿನ ಅಡುಗೆಯನ್ನು ನಟನೆ ಮಾಡಿ. ಕೈಯಲ್ಲಿ ಪಾತ್ರೆ ಇರಲಿ. ನಗು ಬರುತ್ತದೆ, ಬರಲಿ. ಎಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಬಿಸಿ ಪಾತ್ರೆ ಹಿಡಿದು ಎಲ್ಲಿ ಸುತ್ತು ಹಾಕಬೇಕು ಅನ್ನುವುದು ಆಗಲೇ ಗೊತ್ತಾಗಿಬಿಡುತ್ತದೆ.

ಕಟ್ಟೆಯ ಎತ್ತರ ಸಾಮಾನ್ಯವಾಗಿ 90 ಸೆಂ.ಮೀ. ಅದು ಎಲ್ಲರಿಗೂ ಹೊಂದಬೇಕೆಂದೇನಿಲ್ಲ. ಮೊಣಕೈ ಮಡಚಿ ನಿಂತು, ಮೊಣಕೈಯಿಂದ ನಾಲ್ಕರಿಂದ ಆರು ಇಂಚು ಕೆಳಗೆ ಅಳೆಯಿರಿ. ಹೆಚ್ಚು ಹೊತ್ತು ಅಡುಗೆ ಮಾಡುವವರ ಅಳತೆಯೇ ಅಳತೆ, ಮನೆಯಲ್ಲಿ ಎತ್ತರದವರದ್ದಲ್ಲ.

ಡ್ರಾಯರ್ ಮತ್ತು ಮೂಲೆ

ಕೆಳಗಡೆ ಬಾಗಿಲಿನ ಕಪಾಟಿಗಿಂತ ಡ್ರಾಯರ್ ವಾಸಿ. ಮಂಡಿ ಊರಿ ಹಿಂದಿನ ಪಾತ್ರೆ ಹುಡುಕುವ ಕಷ್ಟ ಇರುವುದಿಲ್ಲ. ಆದರೆ ಎಲ್ ಆಕಾರದಲ್ಲಿ ಎರಡು ಸಾಲು ಡ್ರಾಯರ್ ಮೂಲೆಯಲ್ಲಿ ಸೇರುವ ಕಡೆ ಹುಷಾರು. ಒಂದನ್ನು ಎಳೆದರೆ ಅದು ಪಕ್ಕದ ಸಾಲಿನ ಹಿಡಿಕೆಗೆ ತರಚಿ, ಒಂದೇ ತಿಂಗಳಲ್ಲಿ ಪಾಲಿಷ್ ಮೇಲೆ ಬಿಳಿ ಗೀರು ಬೀಳುತ್ತದೆ. ಹಿಡಿಕೆ ಎಷ್ಟು ಉಬ್ಬಿದೆಯೋ ಅದಕ್ಕಿಂತ ಸ್ವಲ್ಪ ಜಾಸ್ತಿ ಅಗಲದ ಪಟ್ಟಿಯನ್ನು ಮೂಲೆಯ ಎರಡೂ ಬದಿಗೆ ಕೂರಿಸಲು ಹೇಳಿ. ಎರಡರಿಂದ ಮೂರು ಇಂಚು ಸಾಕು. ಅದಕ್ಕೇ ಹಿಡಿಕೆಯನ್ನು ಕೊನೆಯಲ್ಲಿ ಆರಿಸುವುದು ಬೇಡ, ಮೊದಲೇ ಆರಿಸಿ.

ಕರೆಂಟು, ಹೊಗೆ, ಗ್ಯಾಸ್

230 ವೋಲ್ಟ್ ಇರುವ ಕಡೆ 16 ಆಂಪಿಯರ್‌ನ ಒಂದು ಲೈನ್ ಸುಮಾರು 3.7 ಕಿಲೋವ್ಯಾಟ್ ತಡೆಯುತ್ತದೆ. ಕೆಟಲ್ 2 ಕಿಲೋವ್ಯಾಟ್, ಮೈಕ್ರೋವೇವ್ 1.2, ಅದರ ಜೊತೆ ಮಿಕ್ಸಿ ಸೇರಿದರೆ ಅಲ್ಲಿಗೆ ಮುಗಿಯಿತು, ಬ್ರೇಕರ್ ಬೀಳಬಹುದು. ನಾಲ್ಕು ಬರ್ನರ್‌ನ ಇಂಡಕ್ಷನ್ ಒಲೆ 7 ಕಿಲೋವ್ಯಾಟ್‌ಗೂ ಜಾಸ್ತಿ ಎಳೆಯಬಲ್ಲದು, ಅದಕ್ಕೆ 32 ಆಂಪಿಯರ್‌ನ ಬೇರೆ ಲೈನ್ ಬೇಕು. ಓವನ್‌ಗೆ, ಡಿಶ್‌ವಾಷರ್‌ಗೆ, ಫ್ರಿಜ್‌ಗೆ ತಲಾ ಒಂದೊಂದು ಲೈನ್ ಎಳೆಸಿ. ಕಟ್ಟೆಯ ಯಾವ ಜಾಗದಿಂದಲೂ ಎರಡು ಅಡಿಯೊಳಗೆ ಒಂದು ಪಾಯಿಂಟ್ ಸಿಗಲಿ. ನೀರಿನ ಹತ್ತಿರದ ಪಾಯಿಂಟುಗಳಿಗೆ 30 ಮಿಲಿಆಂಪಿಯರ್‌ಗೆ ಕಟ್ಟಾಗುವ ಸುರಕ್ಷತಾ ಬ್ರೇಕರ್ ಹಾಕಿಸಲೇಬೇಕು. ಇಂಡಕ್ಷನ್ ತರುವ ಮುಂಚೆ ಇರುವ ಪಾತ್ರೆಗಳ ತಳಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ.

ಚಿಮಣಿ ಒಲೆಯಷ್ಟಾದರೂ ಅಗಲ ಇರಬೇಕು. ಎಷ್ಟು ಎತ್ತರಕ್ಕೆ ಹಾಕಬೇಕು ಅಂತ ಒಲೆಯ ಮತ್ತು ಚಿಮಣಿಯ ಹಾಳೆಗಳೆರಡನ್ನೂ ನೋಡಿ ತೀರ್ಮಾನಿಸಿ. ಗ್ಯಾಸ್ ಒಲೆಗೆ ಸಾಮಾನ್ಯವಾಗಿ 65ರಿಂದ 75 ಸೆಂ.ಮೀ. ಬರುತ್ತದೆ. ಪೈಪು ಗಿಡ್ಡ ಇದ್ದಷ್ಟೂ, ನೇರ ಇದ್ದಷ್ಟೂ ಒಳ್ಳೆಯದು. ಪ್ರತಿ ತಿರುವೂ ಗಾಳಿಯ ಬಲ ತಗ್ಗಿಸುತ್ತದೆ, ಸದ್ದು ಏರಿಸುತ್ತದೆ. ಪೈಪಿಲ್ಲದೆ ಇದ್ದಿಲಿನ ಫಿಲ್ಟರ್‌ನಲ್ಲಿ ನಡೆಯುವ ಚಿಮಣಿ ವಾಸನೆ ಸ್ವಲ್ಪ ಹಿಡಿಯುತ್ತದೆ, ಹಬೆಯನ್ನೂ ಬಿಸಿಯನ್ನೂ ಹಾಗೇ ಒಳಗೆ ಬಿಡುತ್ತದೆ. ಹಾಗಾಗಿ ಹೊರಗಿನ ಗೋಡೆ ಯಾವುದೋ ಅಲ್ಲೇ ಒಲೆ ಇಡುವುದು ಜಾಣತನ.

ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸುವವರು ಯಾವ ಗ್ಯಾಸ್ ಅಂತ ನೋಡಿಕೊಳ್ಳಿ. ಸಿಲಿಂಡರ್‌ನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಅಲಾರಂ ನೆಲದ ಹತ್ತಿರ ಇರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಮೇಲ್ಛಾವಣಿಯ ಹತ್ತಿರ.

ಲೈಟು ಕೋಣೆಯ ನಡುವೆ ಒಂದೇ ಇದ್ದರೆ ನಿಮ್ಮ ನೆರಳೇ ಮಣೆಯ ಮೇಲೆ ಬೀಳುತ್ತದೆ. ಮೇಲಿನ ಕಪಾಟಿನ ಕೆಳಗೆ, ಮುಂದಿನ ಅಂಚಿಗೆ ಒಂದು ಎಲ್‌ಇಡಿ ಪಟ್ಟಿ ಹಾಕಿಸಿ. ಹಿಂದಿನ ಅಂಚಿಗೆ ಹಾಕಿದರೆ ಬರೀ ಟೈಲ್ಸ್ ಹೊಳೆಯುತ್ತದೆ.

ಕೆಲಸದ ಸರದಿ ಹೀಗಿರಲಿ: ಒಡೆಯುವುದು, ಪೈಪು ಮತ್ತು ವೈರು, ಗಾರೆ, ನೆಲ, ಕಪಾಟು. ಕಟ್ಟೆಯ ಕಲ್ಲಿನ ಅಳತೆಯನ್ನು ಕಪಾಟು ಗಟ್ಟಿಯಾಗಿ ಕೂತ ಮೇಲೇ ತೆಗೆಯಬೇಕು, ನಕ್ಷೆ ನೋಡಿ ಕಲ್ಲು ಕತ್ತರಿಸಲು ಬಿಡಬೇಡಿ. ಆಮೇಲೆ ಗೋಡೆಯ ಟೈಲ್ಸ್, ಕೊನೆಗೆ ಮಷಿನ್‌ಗಳು. ಗಾರೆ ಮುಚ್ಚುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪು ಚಾಚಿ ಹಿಡಿದು, ಪೈಪು ವೈರು ಕಾಣುವಂತೆ ಫೋಟೊ ತೆಗೆದಿಡಿ. ಮುಂದೆ ಯಾವತ್ತಾದರೂ ಒಂದು ಶೆಲ್ಫ್ ಹಾಕಲು ಡ್ರಿಲ್ ಹಿಡಿದು ಬರುವವನಿಗೆ ಮೊದಲು ಆ ಫೋಟೊ ತೋರಿಸಿ.