ಇ61, ಇ71, ಬೋಲ್ಡ್: ಕೀಲಿಮಣೆ ಫೋನುಗಳನ್ನು ನಾನು ಪರೀಕ್ಷಿಸಿದ ಬಗೆ

ಫೋನು ವಿಮರ್ಶೆ ಬರೆಯುತ್ತಿದ್ದಾಗ ನೋಕಿಯಾ ಇ61, ಇ71, ಬ್ಲ್ಯಾಕ್‌ಬೆರಿ ಬೋಲ್ಡ್‌ನಂಥ ಕೀಲಿಮಣೆ ಫೋನುಗಳನ್ನು ನಾನು ಪರೀಕ್ಷಿಸುತ್ತಿದ್ದದ್ದು ಹೀಗೆ. ಮೊದಲು ಅಳತೆ. ಕ್ವರ್ಟಿ, ಅಂದರೆ ಕಂಪ್ಯೂಟರಿನಂತೆ ಅಕ್ಷರಕ್ಕೊಂದು ಕೀ ಇರುವ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಹತ್ತು ಕೀ. ಕ್ಯೂ ಕೀಯ ನಟ್ಟನಡುವಿನಿಂದ ಪಿ ಕೀಯ ನಟ್ಟನಡುವಿನವರೆಗೆ ವರ್ನಿಯರ್ ಕ್ಯಾಲಿಪರ್ ಹಿಡಿದು, ಬಂದದ್ದನ್ನು ಒಂಬತ್ತರಿಂದ ಭಾಗಿಸಿ. ಹತ್ತರಿಂದ ಅಲ್ಲ, ಹತ್ತು ಕಂಬಗಳ ನಡುವೆ ಒಂಬತ್ತೇ ಅಂಕಣ. ಹೆಬ್ಬೆರಳಿಗೆ ಸಿಗುವ ಜಾಗ ಅದು. ಕ್ಯಾಲಿಪರ್ ಇಲ್ಲದಿದ್ದರೆ ಫೋನಿನ ಅಗಲ ನೋಡಿದರೂ ಅಂದಾಜು ಸಿಗುತ್ತದೆ. ನೋಕಿಯಾ ಇ71ರ ಅಗಲ 57 ಮಿ.ಮೀ., ಅಂದರೆ ಒಂದು ಕೀಗೆ 5.7 ಮಿ.ಮೀ.ಗಿಂತ ಹೆಚ್ಚು ಜಾಗ ಸಿಗಲು ಸಾಧ್ಯವೇ ಇಲ್ಲ. ಅಂಚು ಕಳೆದರೆ ಇನ್ನೂ ಕಡಿಮೆ. ಬ್ಲ್ಯಾಕ್‌ಬೆರಿ ಬೋಲ್ಡ್ 9000ರದು 66 ಮಿ.ಮೀ., ಕರ್ವ್ 8520ರದು 60 ಮಿ.ಮೀ., ಹಳೆಯ ಇ61 ಹತ್ತಿರ ಹತ್ತಿರ 70 ಮಿ.ಮೀ.

ಈ ಲೆಕ್ಕವನ್ನೇ ನಂಬಿದರೆ ಇ61 ಮೊದಲು ಬರಬೇಕು, ಇ71 ಕೊನೆಗೆ. ಬೆರಳಿಟ್ಟರೆ ಹಾಗಾಗುವುದಿಲ್ಲ. ಇ61ರ ಕೀಗಳು ಚಪ್ಪಟೆ, ಬಿಡಿಬಿಡಿ, ಒತ್ತುವುದಕ್ಕೆ ಗಟ್ಟಿ. ಇ71ರಲ್ಲಿ ಪ್ರತಿ ಕೀಯೂ ಸಣ್ಣ ಉಬ್ಬು. ಬೆರಳು ಪಕ್ಕದ ಕೀಯನ್ನು ಸವರಿದರೂ ಭಾರ ಬೀಳುವುದು ಉಬ್ಬಿನ ನೆತ್ತಿಯ ಮೇಲೆ. ಬೋಲ್ಡ್‌ನಲ್ಲಿ ಕೀಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಮೇಲ್ಮೈಯನ್ನು ಓರೆಯಾಗಿ ಕಡೆದಿದ್ದಾರೆ, ಸಾಲುಗಳ ಮಧ್ಯೆ ಲೋಹದ ಪಟ್ಟಿ ಎಳೆದಿದ್ದಾರೆ. ಕಣ್ಣು ಮುಚ್ಚಿದರೂ ಯಾವ ಸಾಲಿನಲ್ಲಿದ್ದೇವೆ ಅಂತ ಬೆರಳಿಗೆ ತಿಳಿಯುತ್ತದೆ. ಹಾಗಾಗಿ ವಿಮರ್ಶೆಯಲ್ಲಿ ಅಂತರವನ್ನು ಬರೆದು, ಅದರ ಪಕ್ಕದಲ್ಲೇ ಕೀಯ ಆಕಾರವನ್ನೂ ಬರೆಯುತ್ತಿದ್ದೆ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ.

ಆಮೇಲೆ ಟೈಪಿಂಗ್. ಪರೀಕ್ಷೆಗೆ ನಾನು ಇಟ್ಟುಕೊಂಡಿದ್ದು ಇಂಗ್ಲಿಷ್ ವಾಕ್ಯವಲ್ಲ, ನಾವು ದಿನಾ ಮೆಸೇಜಿನಲ್ಲಿ ಬರೆಯುವ ಕಂಗ್ಲಿಷ್. "ನಾಳೆ ಬೆಳಿಗ್ಗೆ 10:30ಕ್ಕೆ ಜಯನಗರ 4ನೇ ಬ್ಲಾಕ್‌ನಲ್ಲಿ ಸಿಗೋಣ, ಬಿಲ್ಲು ರೂ. 2,475 ಆಗಿದೆ" ಅನ್ನುವಂಥದ್ದನ್ನು ರೋಮನ್ ಅಕ್ಷರದಲ್ಲಿ ಹೊಡೆಯುವುದು. ಇದಕ್ಕೆ ಎರಡು ಕಾರಣ. ಇಂಗ್ಲಿಷ್ ಪದಗಳನ್ನು ಫೋನೇ ತಿದ್ದಿಬಿಡುತ್ತದೆ, ಬೆರಳು ಮಾಡಿದ ತಪ್ಪು ಮುಚ್ಚಿಹೋಗುತ್ತದೆ. ಕಂಗ್ಲಿಷ್ ಅದರ ನಿಘಂಟಿನಲ್ಲಿಲ್ಲ, ಒತ್ತಿದ್ದು ಒತ್ತಿದಂತೆ ಪರದೆಗೆ ಬರುತ್ತದೆ. ಎರಡನೆಯದು, ನಮ್ಮ ದೀರ್ಘಕ್ಕೂ ಒತ್ತಕ್ಷರಕ್ಕೂ ಒಂದೇ ಅಕ್ಷರವನ್ನು ಎರಡೆರಡು ಸಲ ಒತ್ತಬೇಕು. ಕೀ ಸರಿಯಾಗಿ ಮೇಲೆದ್ದು ಬರುತ್ತದೋ ಇಲ್ಲವೋ ಅನ್ನುವುದು ಅಲ್ಲೇ ಬಯಲಾಗುತ್ತದೆ. ನೋಕಿಯಾದಲ್ಲಿ ಪದ ಊಹಿಸುವ ಪ್ರಿಡಿಕ್ಟಿವ್ ಟೆಕ್ಸ್ಟ್ ಆಫ್ ಮಾಡಿ, ಬ್ಲ್ಯಾಕ್‌ಬೆರಿಯಲ್ಲಿ ಪದಗಳನ್ನು ತಾನಾಗಿ ಬದಲಿಸುವ ಆಟೋಟೆಕ್ಸ್ಟ್ ಪಟ್ಟಿಯ ಮೇಲೆ ಒಂದು ಕಣ್ಣಿಟ್ಟು ಶುರುಮಾಡಿ.

160 ಅಕ್ಷರದ ಒಂದು ಮೆಸೇಜು, ಐದು ಸಲ. ಮೊದಲ ಎರಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೆರಳು ಪಳಗುವ ಹೊತ್ತು. ಉಳಿದ ಮೂರರಲ್ಲಿ ಅಳಿಸುವ ಕೀ ಮುಟ್ಟದೆ ಹೊಡೆದು, ಆಮೇಲೆ ತಪ್ಪುಗಳನ್ನು ಜಾತಿವಾರು ಬೇರೆಮಾಡಿ. ಪಕ್ಕದ ಅಕ್ಷರ ಬಿದ್ದಿದ್ದರೆ ಅಂತರದ ಅಥವಾ ಆಕಾರದ ದೋಷ. ಅಕ್ಷರವೇ ಬಿದ್ದಿಲ್ಲದಿದ್ದರೆ ಕೀ ಗಟ್ಟಿ, ಇಲ್ಲವೇ ಅಂಚಿನಲ್ಲಿ ಒತ್ತಿದರೆ ಕೆಲಸ ಮಾಡುವುದಿಲ್ಲ. ಒಂದು ಸಲ ಒತ್ತಿದ್ದು ಎರಡಾಗಿದ್ದರೆ ಒಳಗಿನ ಸಂಪರ್ಕ ಕೆಟ್ಟಿದೆ. ಒಟ್ಟು ತಪ್ಪು ಹನ್ನೆರಡು ಅಂತ ಬರೆದರೆ ಓದುಗನಿಗೆ ಏನೂ ಸಿಗುವುದಿಲ್ಲ. ಹನ್ನೆರಡರಲ್ಲಿ ಹತ್ತು ಪಕ್ಕದ ಅಕ್ಷರ ಅಂದರೆ ದಪ್ಪ ಬೆರಳಿನವರಿಗೆ ಬೇಡ ಅಂತ ತಿಳಿಯುತ್ತದೆ.

ಇದನ್ನೇ ಒಂದೇ ಕೈಯಲ್ಲಿ, ನಿಂತುಕೊಂಡು, ಇನ್ನೊಮ್ಮೆ ಮಾಡಬೇಕು. ಬಿಎಂಟಿಸಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತವನಿಗೆ ಎರಡನೇ ಹೆಬ್ಬೆರಳು ಎಲ್ಲಿಂದ ಬರಬೇಕು? ಮೇಜಿನ ಮೇಲೆ ಸೋತ ಇ71 ಇಲ್ಲಿ ಗೆಲ್ಲುತ್ತದೆ. 10 ಮಿ.ಮೀ. ದಪ್ಪ, 127 ಗ್ರಾಂ. ಕ್ಯೂನಿಂದ ಪಿವರೆಗೆ ಒಂದೇ ಹೆಬ್ಬೆರಳು ತಲುಪುತ್ತದೆ. ಬೋಲ್ಡ್‌ನಲ್ಲಿ ಹೀಗೆ ಚಾಚಿದರೆ ಫೋನು ಅಂಗೈಯಲ್ಲಿ ಓಲಾಡುತ್ತದೆ.

ಅಂಕಿಗಳ ಜಾಗವನ್ನು ಹೆಚ್ಚಿನವರು ಬರೆಯುವುದೇ ಇಲ್ಲ, ನನಗದು ಆಶ್ಚರ್ಯ. ಇ71ರಲ್ಲಿ 1, 2, 3 ಇರುವುದು ಆರ್, ಟಿ, ವೈ ಮೇಲೆ. ಬ್ಲ್ಯಾಕ್‌ಬೆರಿಯಲ್ಲಿ ಡಬ್ಲ್ಯೂ, ಇ, ಆರ್ ಮೇಲೆ. ಒಂದು ಕಡೆ ನಡುವಿಗೆ, ಇನ್ನೊಂದು ಕಡೆ ಎಡಕ್ಕೆ. ಒಂದನ್ನು ವರ್ಷಗಟ್ಟಲೆ ಬಳಸಿದವರು ಇನ್ನೊಂದಕ್ಕೆ ಬಂದರೆ ಬ್ಯಾಂಕಿನ ಗ್ರಾಹಕ ಸೇವೆಗೆ ಕರೆಮಾಡಿ ಖಾತೆ ಸಂಖ್ಯೆ ಒತ್ತುವಾಗ ತಪ್ಪುತ್ತಾರೆ. ಹತ್ತು ಅಂಕಿಯ ಮೊಬೈಲ್ ನಂಬರನ್ನು ನೋಡದೆ ಒತ್ತಲು ಎಷ್ಟು ದಿನ ಬೇಕಾಯಿತು ಅನ್ನುವುದನ್ನು ನಾನು ವಿಮರ್ಶೆಯಲ್ಲಿ ಸೇರಿಸುತ್ತಿದ್ದೆ.

ಮೇಲ್ ವಿಷಯಕ್ಕೆ ಬಂದರೆ ಫೋನಿಗಿಂತ ಹಿಂದಿರುವ ವ್ಯವಸ್ಥೆಯನ್ನು ಅಳೆಯುತ್ತಿದ್ದೇವೆ ಅನ್ನುವುದು ನೆನಪಿರಬೇಕು. ಇ71 ಬಂದದ್ದು 2008ರಲ್ಲಿ. ನಮ್ಮಲ್ಲಿ ಖಾಸಗಿ ಕಂಪನಿಗಳ 3ಜಿ ಶುರುವಾಗಿದ್ದು 2010ರ ಕೊನೆಗೆ. ಅಲ್ಲಿಯವರೆಗೆ ಬಹುಪಾಲು ಎಲ್ಲರದೂ ಎಡ್ಜ್, ಅಂದರೆ 2ಜಿಯ ನಿಧಾನದ ಇಂಟರ್ನೆಟ್. ಎಡ್ಜ್‌ನಲ್ಲಿ ಸೆಕೆಂಡಿಗೆ 100 ಕಿಲೋಬಿಟ್ ಸಿಕ್ಕಿತು ಅಂತಿಟ್ಟುಕೊಳ್ಳಿ. 1 ಎಂಬಿ ಲಗತ್ತು ಮೇಲ್‌ನಲ್ಲಿ ಬರುವಾಗ ಅಕ್ಷರರೂಪಕ್ಕೆ ತಿರುಗಿ ಮೂರನೇ ಒಂದು ಭಾಗ ಉಬ್ಬುತ್ತದೆ. ಅದು ಇಳಿಯಲು ಎರಡು ನಿಮಿಷದ ಹತ್ತಿರ. ಇ71 ಅದನ್ನು ಪೂರ್ತಿ ಇಳಿಸಿಯೇ ತೆರೆಯುತ್ತದೆ. ಬ್ಲ್ಯಾಕ್‌ಬೆರಿಗೆ ಬರುವ ಮೇಲ್ ಮೊದಲು ಅವರ ಸರ್ವರಿಗೆ ಹೋಗಿ, ಅಲ್ಲೇ ಹಿಂಡಿ, ಸಣ್ಣ ಪರದೆಗೆ ಬೇಕಾದಷ್ಟನ್ನು ಮಾತ್ರ ಕಳಿಸಲಾಗುತ್ತಿತ್ತು. ಹಾಗಾಗಿ ಅದೇ ಎಡ್ಜ್‌ನಲ್ಲಿ ಅದು ಬೇಗ. ಫೋನಿನ ಪ್ರೊಸೆಸರ್ ಜೋರು ಅಂತ ಇದಕ್ಕೆ ಕಾರಣ ಕೊಟ್ಟವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದರು.

ಹೋಲಿಸುವಾಗ ಒಂದೇ ಸಿಮ್ ಕಂಪನಿ, ಒಂದೇ ಕಿಟಕಿಯ ಪಕ್ಕ, ಒಂದೇ ಮೇಲ್. ಬ್ಲ್ಯಾಕ್‌ಬೆರಿಯಲ್ಲಿ ಆಲ್ಟ್ ಒತ್ತಿ ಹಿಡಿದು ಎನ್, ಎಂ, ಎಲ್, ಎಲ್ ಒತ್ತಿದರೆ ಸಿಗ್ನಲ್ ಕಡ್ಡಿಗಳ ಬದಲು ಅಂಕಿ ಬರುತ್ತದೆ. ಮೈನಸ್ 70ರ ಆಸುಪಾಸು ಚೆನ್ನಾಗಿದೆ, ಮೈನಸ್ 100 ದಾಟಿದರೆ ಪರೀಕ್ಷೆ ನಿಲ್ಲಿಸಿ ಜಾಗ ಬದಲಿಸಿ. ಇನ್ನೊಂದು, ಬ್ಲ್ಯಾಕ್‌ಬೆರಿ ಸೇವೆ ಇದ್ದ ಕಾಲದ್ದು: ಪರದೆಯ ಮೂಲೆಯಲ್ಲಿ ಎಡ್ಜ್ ಅನ್ನುವ ಪದ ಇಂಗ್ಲಿಷಿನ ದೊಡ್ಡಕ್ಷರದಲ್ಲಿದ್ದರೆ ಬ್ಲ್ಯಾಕ್‌ಬೆರಿ ಸೇವೆ ನಡೆಯುತ್ತಿದೆ ಅಂತ, ಸಣ್ಣಕ್ಷರದಲ್ಲಿದ್ದರೆ ನೆಟ್‌ವರ್ಕ್ ಇದೆ, ಸೇವೆ ಇಲ್ಲ ಅಂತ. ಇದನ್ನು ಗಮನಿಸದೆ ಮೇಲ್ ಬರಲಿಲ್ಲ ಅಂತ ಫೋನನ್ನು ಬೈದವರು ಬಹಳ. ಹೋಸ್ಟ್ ರೂಟಿಂಗ್ ಟೇಬಲ್‌ಗೆ ಹೋಗಿ ರಿಜಿಸ್ಟರ್ ನೌ ಒತ್ತುವುದು, ಆಗದಿದ್ದರೆ ಬ್ಯಾಟರಿ ತೆಗೆದು ಹಾಕುವುದು ಅದಕ್ಕೆ ಮದ್ದಾಗಿತ್ತು.

ಬ್ಯಾಟರಿ ಪರೀಕ್ಷೆಯಲ್ಲಿ ಮೋಸಹೋಗುವುದು ಸುಲಭ. ಇ61, ಇ71, ಬೋಲ್ಡ್ ಮೂರೂ 1500 ಎಂಎಎಚ್, ಆದರೂ ಬಾಳಿಕೆ ಬೇರೆಬೇರೆ. ಮೊದಲು ನೆಟ್‌ವರ್ಕ್ ಮೋಡ್ ನೋಡಿ. 3ಜಿ ಇಲ್ಲದ ಊರಿನಲ್ಲಿ ಡ್ಯುಯಲ್ ಮೋಡ್‌ನಲ್ಲೇ (2ಜಿ, 3ಜಿ ಎರಡೂ) ಬಿಟ್ಟರೆ ಫೋನು ಇಲ್ಲದ್ದನ್ನು ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ಜಿಎಸ್‌ಎಂ (2ಜಿ) ಮಾತ್ರ ಅಂತ ಮಾಡಿ. ಮೇಲ್ ಎಷ್ಟು ಹೊತ್ತಿಗೊಮ್ಮೆ ಅಂತ ಗೊತ್ತುಮಾಡಿ, ನಾನು 15 ನಿಮಿಷ ಇಡುತ್ತಿದ್ದೆ. ವೈಫೈ ಹುಡುಕಾಟ ಬಂದ್. ಪರದೆಯ ಬೆಳಕು ಎಲ್ಲದರಲ್ಲೂ ಕಣ್ಣಂದಾಜಿನಲ್ಲಿ ಒಂದೇ ಮಟ್ಟ. ಇ71ಕ್ಕೆ ನೋಕಿಯಾದ್ದೇ ಎನರ್ಜಿ ಪ್ರೊಫೈಲರ್ ಅನ್ನುವ ಉಚಿತ ಆ್ಯಪ್ ಇತ್ತು. ಆ ಕ್ಷಣಕ್ಕೆ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಗೆರೆ ಎಳೆದು ತೋರಿಸುತ್ತಿತ್ತು. ಅದು ಈ ನೋಕಿಯಾ ಫೋನುಗಳ ಸಾಫ್ಟ್‌ವೇರ್ ಆದ ಎಸ್60ರ ಮೂರನೇ ಆವೃತ್ತಿಯ ಫೀಚರ್ ಪ್ಯಾಕ್ 1ರಿಂದ ಮೇಲಕ್ಕೆ ಮಾತ್ರ. ಇ61ರಲ್ಲಿ ನಡೆಯುವುದಿಲ್ಲ, ಅಲ್ಲಿ ಗಡಿಯಾರವೇ ಗತಿ.

ಇಂಥ ಆ್ಯಪ್ ಹಾಕುವಾಗ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ತಕರಾರು ಬಂದರೆ, ಆ್ಯಪ್ ಮ್ಯಾನೇಜರ್ ಸೆಟ್ಟಿಂಗ್ಸಿನಲ್ಲಿ ಆನ್‌ಲೈನ್ ಪರಿಶೀಲನೆ ಆಫ್ ಮಾಡಿ, ಫೋನಿನ ದಿನಾಂಕವನ್ನು ಆ್ಯಪ್ ಬಂದ ವರ್ಷಕ್ಕೆ ಹಿಂದೆ ಸರಿಸಿ, ಹಾಕಿ, ಮತ್ತೆ ಸರಿಮಾಡಿ. ದಿನಾಂಕ ಸರಿಮಾಡಲು ಮರೆತರೆ ಕ್ಯಾಲೆಂಡರಿನ ಅಲಾರಂ ಪರೀಕ್ಷೆ ಕೆಡುತ್ತದೆ.

ಕನ್ನಡ? ಈ ಫೋನುಗಳ ಬ್ರೌಸರಿನಲ್ಲಿ ಕನ್ನಡ ಪುಟ ತೆರೆದರೆ ಸಾಲುಸಾಲು ಚೌಕ. ಒಪೆರಾ ಮಿನಿ ಅನ್ನುವ ಬೇರೆ ಬ್ರೌಸರ್ ಹಾಕಿ, ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಪೆರಾ, ಕೋಲನ್, ಕಾನ್ಫಿಗ್ ಅಂತ ಹೊಡೆದರೆ ಒಂದು ಸೆಟ್ಟಿಂಗ್ಸ್ ಪುಟ ಬರುತ್ತಿತ್ತು. ಅದರಲ್ಲಿ ಕಾಂಪ್ಲೆಕ್ಸ್ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಅನ್ನುವುದಕ್ಕೆ ಯೆಸ್ ಕೊಟ್ಟು ಸೇವ್ ಮಾಡಿದರೆ ಒತ್ತಕ್ಷರ ಸಮೇತ ಕನ್ನಡ ಮೂಡುತ್ತಿತ್ತು. ಅಕ್ಷರಗಳು ಸರ್ವರಿನಿಂದ ಚಿತ್ರವಾಗಿ ಬರುವುದರಿಂದ ಡೇಟಾ ಹೆಚ್ಚು ಖರ್ಚು, ಕಾಪಿ ಮಾಡಲು ಆಗುವುದಿಲ್ಲ. ಕನ್ನಡದಲ್ಲಿ ಬರೆಯುವುದು ಬೇರೆ ಕಥೆ. ಕನ್ನಡ ಲಿಪಿಯ ಎಸ್ಸೆಮ್ಮೆಸ್ಸಿಗೆ 160ರ ಬದಲು 70 ಅಕ್ಷರವೇ ಮಿತಿ, ಅದರಲ್ಲಿ ಪ್ರತಿ ಕೊಂಬು, ಪ್ರತಿ ಒತ್ತು ಬೇರೆ ಲೆಕ್ಕ. ಕಂಗ್ಲಿಷ್ ಬೆಳೆದದ್ದಕ್ಕೆ ಇದೂ ಕಾರಣ.

ಇನ್ನು ಕೆಡುವ ಭಾಗಗಳು. ಒಂದು ವಾರದ ಬಳಕೆಯಲ್ಲಿ ಇವು ಗೊತ್ತಾಗುವುದಿಲ್ಲ. ಒಂದು ವರ್ಷ ಓಡಿದ ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಹೊಸದನ್ನು ನೋಡಬೇಕು. ಇ61ರ ಜಾಯ್‌ಸ್ಟಿಕ್ ಸವೆದು ತಾನಾಗಿ ಒಂದು ಕಡೆ ಓಡುತ್ತದೆ. ಇ61ಐನಲ್ಲಿ ಅದನ್ನು ಕಿತ್ತು ನಾಲ್ಕು ದಿಕ್ಕಿನ ಕೀ ಇಟ್ಟರು, ಒಳ್ಳೆಯದಾಯಿತು. ಬೋಲ್ಡ್ 9000ರ ಟ್ರ್ಯಾಕ್‌ಬಾಲ್‌ನ ಅಡಿಯಲ್ಲಿ ನಾಲ್ಕು ಪುಟ್ಟ ರೋಲರ್, ಒಂದೊಂದು ದಿಕ್ಕಿಗೆ ಒಂದೊಂದು, ತುದಿಯಲ್ಲಿ ಆಯಸ್ಕಾಂತ. ಉರುಳಿದಾಗ ಕೆಳಗಿನ ಸೆನ್ಸರ್ ಎಣಿಸುತ್ತದೆ. ಕೆಳಕ್ಕೆ ಹೋಗುತ್ತದೆ, ಎಡಕ್ಕೆ ಮಾತ್ರ ಹೋಗುವುದಿಲ್ಲ ಅಂದರೆ ಆ ಒಂದು ರೋಲರಿಗೆ ಬೆವರು ಮತ್ತು ದೂಳು ಸುತ್ತಿಕೊಂಡಿದೆ. ಫೋನು ಆಫ್ ಮಾಡಿ ಬ್ಯಾಟರಿ ತೆಗೆದು, ಬಿಳಿ ಕಾಗದಕ್ಕೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಫೋನನ್ನು ಬೋರಲು ಹಾಕಿ ಕೆಟ್ಟ ದಿಕ್ಕಿಗೇ ಹತ್ತಿಪ್ಪತ್ತು ಸಲ ಉಜ್ಜಿ. ಕಾಗದದ ಮೇಲೆ ಕಪ್ಪು ಗೆರೆ ಮೂಡಿದರೆ ಕೆಲಸ ಆಗುತ್ತಿದೆ. 8520ರಲ್ಲಿ ಚೆಂಡಿಲ್ಲ, ಬೆರಳು ಸವರುವ ಪ್ಯಾಡು; ಈ ಕಾಟವೇ ಇಲ್ಲ.

ಅಕ್ಷರ ಎರಡೆರಡು ಬೀಳುವ ಕೀಲಿಮಣೆಯನ್ನು ಬಿಚ್ಚಿದರೆ ಮೇಲೆ ಕೀ ಹಾಳೆ, ಅದರಡಿ ಪ್ರತಿ ಕೀಗೂ ಬೊಟ್ಟಿನಷ್ಟು ದೊಡ್ಡ ಲೋಹದ ಡೋಮ್, ಅದರಡಿ ಬೋರ್ಡಿನ ಸಂಪರ್ಕ. ಒತ್ತಿದಾಗ ಕೇಳುವ ಟಿಕ್ ಸದ್ದು ಡೋಮ್ ಮಡಿಚಿಕೊಂಡದ್ದು. ಬೆವರು ಒಳಹೋದರೆ ಸಂಪರ್ಕದ ಸುತ್ತ ಹಸಿರು ಕಿಲುಬು. ಡೋಮ್‌ಗಳನ್ನು ಹಿಡಿದಿರುವ ಅಂಟಿನ ಹಾಳೆಯನ್ನು ಎಬ್ಬಿಸಿದಿರೋ, ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಕಷ್ಟ. ಕೂದಲೆಳೆಯಷ್ಟು ಜರುಗಿದರೂ ಒಂದು ಸಾಲು ಪೂರ್ತಿ ಗಟ್ಟಿಯಾಗುತ್ತದೆ. ಅಂಚಿನಿಂದ ಬ್ರಷ್ಷಿನಲ್ಲಿ ಆಲ್ಕೊಹಾಲ್ ಬಿಟ್ಟು ಒಣಗಿಸುವವರೆಗೆ ಮಾತ್ರ ನಾವು, ಅದಕ್ಕೂ ಬಗ್ಗದಿದ್ದರೆ ಹಾಳೆಯನ್ನೇ ಬದಲಿಸಬೇಕು.

ಈಗ ಹಳೆಯದನ್ನು ಕೊಂಡು ಪರೀಕ್ಷಿಸುವವರಿಗೆ. ನೋಕಿಯಾದಲ್ಲಿ *#0000# ಒತ್ತಿ ಸಾಫ್ಟ್‌ವೇರ್ ಆವೃತ್ತಿ ಬರೆದುಕೊಳ್ಳಿ, *#7370# ಒತ್ತಿ ಪೂರ್ತಿ ಅಳಿಸಿ. ಲಾಕ್ ಕೋಡ್ ಯಾರೂ ಬದಲಿಸದಿದ್ದರೆ 12345. ಬ್ಲ್ಯಾಕ್‌ಬೆರಿಯಲ್ಲಿ ಸೆಕ್ಯುರಿಟಿ ಆಪ್ಷನ್ಸ್ ತೆರೆದು ಐಟಿ ಪಾಲಿಸಿ ಇದೆಯೇ ನೋಡಿ. ಯಾವುದೋ ಆಫೀಸಿನ ಫೋನಾಗಿದ್ದರೆ ಅವರ ನಿರ್ಬಂಧಗಳು ಒಳಗೇ ಕೂತಿರುತ್ತವೆ, ಮಾಮೂಲಿ ವೈಪ್‌ಗೆ ಹೋಗುವುದಿಲ್ಲ. ವೈಪ್, ಅಂದರೆ ಫೋನನ್ನು ಪೂರ್ತಿ ಅಳಿಸುವ ಕೆಲಸ ಮಾಡುವಾಗ ಬ್ಲ್ಯಾಕ್‌ಬೆರಿ ಅನ್ನುವ ಪದವನ್ನೇ ಟೈಪ್ ಮಾಡಲು ಕೇಳುತ್ತದೆ. ಬಿ ಕೀ ಸತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಹಳೆಯ ಬ್ಲ್ಯಾಕ್‌ಬೆರಿ ಸೇವೆಗಳು 2022ರ ಜನವರಿ 4ರಂದು ನಿಂತವು, ಆ ಮೇಲ್ ಈಗ ಬರುವುದಿಲ್ಲ. ಕರೆ, ಮೆಸೇಜು ನೋಡಲು 2ಜಿ ಇರುವ ಸಿಮ್ ಬೇಕು, ಜಿಯೋ ಹಾಕಿದರೆ ಪ್ರಯೋಜನವಿಲ್ಲ. ನ್ಯಾನೋ ಸಿಮ್ಮನ್ನು ಅಡಾಪ್ಟರಿನಲ್ಲಿಟ್ಟು ತೂರಿಸುವಾಗ ಹಿಂಬದಿಗೆ ತೆಳು ಟೇಪ್ ಅಂಟಿಸಿ. ಇಲ್ಲದಿದ್ದರೆ ಹೊರಗೆಳೆಯುವಾಗ ಸಿಮ್ ಒಳಗೇ ಉಳಿದು ಖಾಲಿ ಚೌಕಟ್ಟು ಸಂಪರ್ಕದ ಮುಳ್ಳುಗಳನ್ನು ಕೊಕ್ಕೆ ಹಾಕಿ ಎಳೆಯುತ್ತದೆ.