ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ರೆಸಿಸ್ಟೆನ್ಸ್ ಮತ್ತು ಪವರ್ ಹೀಗೆ ಲೆಕ್ಕ ಹಾಕಿ
ಮೊದಲು ಮಿಲಿಆಂಪಿಯರನ್ನು ಆಂಪಿಯರ್‌ಗೆ ಬದಲಿಸಿಕೊಳ್ಳಿ. ಉತ್ತರ ಸಾವಿರ ಪಟ್ಟು ತಪ್ಪುವುದು ಇಲ್ಲೇ. ಒಂದು ರೆಸಿಸ್ಟರ್‌ನ ಎರಡು ತುದಿಗಳ ನಡುವೆ 12 ವೋಲ್ಟ್ ಇದೆ, ಹರಿಯುವ ಕರೆಂಟ್ 250 ಮಿಲಿಆಂಪಿಯರ್, ಅಂದರೆ 0.25 ಆಂಪಿಯರ್ ಅಂದುಕೊಳ್ಳಿ. ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್ 48 ಓಮ್. ಎರಡನ್ನೂ ಗುಣಿಸಿದರೆ ಪವರ್ 3 ವ್ಯಾಟ್. ಹಾಗಂತ 3 ವ್ಯಾಟ್‌ನ ರೆಸಿಸ್ಟರನ್ನೇ ಹಾಕಬೇಡಿ, ವಿಪರೀತ ಬಿಸಿಯಾಗುತ್ತದೆ. ಅದರ ಎರಡು ಪಟ್ಟು ತಾಳುವಂಥದ್ದನ್ನು ಹಾಕಿ. ಅದೇ ರೆಸಿಸ್ಟರ್‌ಗೆ ವೋಲ್ಟೇಜ್ ದುಪ್ಪಟ್ಟು ಕೊಟ್ಟರೆ ಪವರ್ ನಾಲ್ಕು ಪಟ್ಟಾಗುತ್ತದೆ!

ಫಿಲಮೆಂಟ್ ಬಲ್ಬನ್ನು ಆಫ್ ಮಾಡಿ, ಮೀಟರ್‌ನಲ್ಲಿ ಓಮ್ ನೋಡಿದರೆ ಈ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ತಂತಿ ತಣ್ಣಗಿರುವಾಗ ರೆಸಿಸ್ಟೆನ್ಸ್ ತುಂಬಾ ಕಡಿಮೆ. ಬಲ್ಬ್ ಉರಿಯುತ್ತಿರುವಾಗಿನ ವೋಲ್ಟೇಜ್, ಕರೆಂಟ್ ಅಳೆದೇ ಭಾಗಿಸಬೇಕು. ಸಿಂಗಲ್ ಫೇಸ್ ಎಸಿ ಮೋಟಾರ್‌ನ ಪವರ್‌ಗೆ ಬರೀ ವೋಲ್ಟೇಜ್, ಕರೆಂಟ್‌ಗಳ ಗುಣಾಕಾರ ಸಾಲದು, ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಗುಣಿಸಿ.