ಟ್ಯೂಬ್ ಗಿಟಾರ್ ಆಂಪ್ಲಿಫಯರ್‌ಗೆ ಹೊಂದಿಸಬಲ್ಲ ಬಯಾಸ್ ಅಳವಡಿಸುವುದು

ಹಲವು ಟ್ಯೂಬ್ ಆಂಪ್ಲಿಫಯರ್‌ಗಳಲ್ಲಿ ಪವರ್ ಟ್ಯೂಬಿನ ಗ್ರಿಡ್‌ಗೆ, ಅಂದರೆ ಅದರ ಕರೆಂಟನ್ನು ಹತೋಟಿಯಲ್ಲಿಡುವ ತುದಿಗೆ, ಹೋಗುವ ಋಣ ವೋಲ್ಟೇಜನ್ನು (ಇದೇ ಬಯಾಸ್) ತಯಾರಿಸುವಾಗಲೇ ರೆಸಿಸ್ಟರ್‌ಗಳಿಂದ ನಿಗದಿಪಡಿಸಿರುತ್ತಾರೆ. ಆದರೆ ಒಂದೇ ಮಾದರಿಯ ಎರಡು ಟ್ಯೂಬುಗಳು ಒಂದೇ ಬಯಾಸಿಗೆ ಸಮನಾದ ಕರೆಂಟ್ ಎಳೆಯುವುದಿಲ್ಲ. ಹೀಗಾಗಿ ಟ್ಯೂಬ್ ಬದಲಿಸಿದಾಗ ಒಂದೋ ಕರೆಂಟ್ ಹೆಚ್ಚಾಗಿ ಟ್ಯೂಬಿನೊಳಗಿನ ಲೋಹದ ಪ್ಲೇಟ್ ಕೆಂಪಗೆ ಕಾಯುತ್ತದೆ, ಇಲ್ಲವೇ ಕರೆಂಟ್ ಕಡಿಮೆಯಾಗಿ ಮೆಲ್ಲಗೆ ಮೀಟಿದ ಸ್ವರವೂ ಒರಟಾಗಿ ಕೇಳಿಸುತ್ತದೆ. ಕ್ಯಾಥೋಡ್ ಬಯಾಸ್ ಇರುವ, ಅಂದರೆ ಕ್ಯಾಥೋಡಿನ (ಎಲೆಕ್ಟ್ರಾನ್ ಹೊರಡುವ ತುದಿಯ) ರೆಸಿಸ್ಟರಿನಿಂದಲೇ ಬಯಾಸ್ ಪಡೆಯುವ ಆಂಪ್ಲಿಫಯರ್‌ಗೆ ಈ ವಿಧಾನ ಅನ್ವಯಿಸದು.

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯಬಲ್ಲ 400 ವೋಲ್ಟಿಗೂ ಹೆಚ್ಚಿನ ವಿದ್ಯುತ್ ಉಳಿದಿರಬಹುದು. ಇನ್ಸುಲೇಶನ್ ಇರುವ ಕ್ಲಿಪ್‌ಗಳಿಂದ 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಜೋಡಿಸಿ ಆ ವಿದ್ಯುತ್ತನ್ನು ಇಳಿಸಿ, ಮೀಟರ್ ಸೊನ್ನೆಯ ಹತ್ತಿರ ಬಂದಿದೆಯೆಂದು ನೋಡಿದ ಮೇಲಷ್ಟೇ ಒಳಗೆ ಕೈ ಹಾಕಬೇಕು. ಹೆಚ್ಚಿನ ವೋಲ್ಟೇಜಿನಲ್ಲಿ ಅಳೆದು ಅಭ್ಯಾಸವಿಲ್ಲದವರು ಈ ಕೆಲಸವನ್ನು ಬಲ್ಲವರಿಗೇ ಬಿಡುವುದು ಸರಿ.

ಬಯಾಸ್ ಸರ್ಕ್ಯೂಟಿನಲ್ಲಿ ಡಯೋಡಿನ ನಂತರ ಗ್ರೌಂಡ್‌ಗೆ ಇಳಿಯುವ ರೆಸಿಸ್ಟರನ್ನು ಗುರುತಿಸಿ. ಅದು 27 ಕಿಲೋಓಮ್ ಆಗಿದ್ದರೆ, ಅದರ ಜಾಗದಲ್ಲಿ 18 ಕಿಲೋಓಮ್ ರೆಸಿಸ್ಟರನ್ನೂ 25 ಕಿಲೋಓಮ್ ಟ್ರಿಮ್‌ಪಾಟನ್ನೂ (ತಿರುಗಿಸಿ ಬದಲಿಸಬಲ್ಲ ಮೂರು ಕಾಲಿನ ಪುಟ್ಟ ರೆಸಿಸ್ಟರ್) ಸರಣಿಯಲ್ಲಿ ಬೆಸುಗೆ ಹಾಕಬಹುದು. ಪಾಟಿನ ನಡುಕಾಲನ್ನು ಒಂದು ತುದಿಗಾಲಿಗೆ ಸೇರಿಸುವುದನ್ನು ಮರೆಯಬಾರದು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದೇ: ಧೂಳು ಕೂತು ನಡುಕಾಲಿನ ಸಂಪರ್ಕ ತಪ್ಪಿದರೂ ರೆಸಿಸ್ಟೆನ್ಸ್ ಪೂರ್ತಿ 43 ಕಿಲೋಓಮ್‌ಗೆ ಏರಿ, ಗ್ರಿಡ್ ಇನ್ನಷ್ಟು ಋಣವಾಗಿ, ಕರೆಂಟ್ ತಗ್ಗುತ್ತದೆ, ಟ್ಯೂಬೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಉಳಿಯುತ್ತವೆ. ಹಳೆಯ ಬಯಾಸ್ ಕೆಪಾಸಿಟರನ್ನೂ ಈಗಲೇ ಬದಲಿಸಿ. ಇಲ್ಲಿ ವೋಲ್ಟೇಜ್ ಋಣವಾದ್ದರಿಂದ ಅದರ ಧನ ತುದಿ ಗ್ರೌಂಡ್‌ಗೆ ಹೋಗುತ್ತದೆ.

ಅಳತೆಗಾಗಿ ಪ್ರತಿ ಪವರ್ ಟ್ಯೂಬಿನ ಕ್ಯಾಥೋಡ್‌ಗೂ ಗ್ರೌಂಡ್‌ಗೂ ನಡುವೆ 1 ಓಮ್, ಶೇ. 1 ನಿಖರತೆಯ ರೆಸಿಸ್ಟರ್ ಹಾಕಿದರೆ, ಅದರ ಮೇಲಿನ 1 ಮಿಲಿವೋಲ್ಟ್ 1 ಮಿಲಿಆಂಪಿಯರಿಗೆ ಸಮ. ಮೊದಲು ಪವರ್ ಟ್ಯೂಬುಗಳಿಲ್ಲದೆ ಆನ್ ಮಾಡಿ, ಸಾಕೆಟಿನ ಗ್ರಿಡ್ ಕಾಲಿನಲ್ಲಿ ಅಳೆಯುತ್ತ ಪಾಟನ್ನು ಅತಿ ಹೆಚ್ಚು ಋಣದ ಕಡೆಗೆ ತಿರುಗಿಸಿಡಿ. ಆಫ್ ಮಾಡಿ ಟ್ಯೂಬ್ ಸೇರಿಸಿ, ಸ್ಪೀಕರ್ ಜೋಡಿಸಿರುವುದನ್ನು ಖಚಿತಪಡಿಸಿಕೊಂಡು, ಮತ್ತೆ ಆನ್ ಮಾಡಿ ನಿಧಾನವಾಗಿ ಕರೆಂಟ್ ಏರಿಸಿ. ಉದಾಹರಣೆಗೆ, 6ಎಲ್6ಜಿಸಿ ಎಂಬ ಪವರ್ ಟ್ಯೂಬಿನ ಪ್ಲೇಟ್ ತಾಳಬಲ್ಲ ಶಾಖದ ಮಿತಿ 30 ವ್ಯಾಟ್. ರೂಢಿಯಂತೆ ಅದರ ಶೇ. 70 ಎಂದರೆ 21 ವ್ಯಾಟ್, 450 ವೋಲ್ಟಿನಲ್ಲಿ ಸುಮಾರು 46 ಮಿಲಿಆಂಪಿಯರ್. ಇದನ್ನು ಗುರಿಯೆಂದಲ್ಲ, ಗಡಿಯೆಂದು ತಿಳಿಯಿರಿ. ಇದಕ್ಕಿಂತ ಕಡಿಮೆಯಲ್ಲೇ ಸ್ವರ ತುಂಬಿ ಬಂದರೆ ಅಲ್ಲಿಗೇ ನಿಲ್ಲಿಸಿ. ಕರೆಂಟ್ ಏರಿದಂತೆ ಪ್ಲೇಟ್ ವೋಲ್ಟೇಜ್ ಕುಸಿಯುವುದರಿಂದ ಎರಡನ್ನೂ ಮತ್ತೆ ಅಳೆದು ಲೆಕ್ಕ ಹಾಕಿ, ಅರ್ಧ ಗಂಟೆ ಕಾದ ಬಳಿಕ ಇನ್ನೊಮ್ಮೆ ನೋಡಿ.